ಸೇಂಟ್ ಮಾರ್ಕ್ಸ್ ಗೋಡೆಯೂ ನಮ್ಮ ಕಡೆಯ ವೀರಗಲ್ಲೂ

ಮಾವನ ಫೋನು ಬಂದಾಗ ನಾನು ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ಒಳಗಿದ್ದೆ. ಭಕ್ತಿಯಿಂದಲೋ ಇತಿಹಾಸದ ಹುಚ್ಚಿನಿಂದಲೋ ಹೋಗಿದ್ದೆ ಅಂದುಕೊಳ್ಳಬೇಡಿ. ಶನಿವಾರ ಆಫೀಸಿಗೆ ರಜೆ, ಚರ್ಚ್ ಸ್ಟ್ರೀಟಿನಲ್ಲಿ ಹಳೇ ಪುಸ್ತಕ ಹುಡುಕೋಣ ಅಂತ ಹೊರಟವನು ದಾರಿಯಲ್ಲಿ ಮಳೆಗೆ ಸಿಕ್ಕಿಕೊಂಡೆ. ಗೇಟು ತೆರೆದಿತ್ತು, ನುಗ್ಗಿದೆ. ಅಷ್ಟೇ!

ಮಾವ ಅಂದರೆ ಅಮ್ಮನ ತಮ್ಮ. ನಮ್ಮ ಚಂದಕವಾಡಿಯಿಂದ ಒಂದಷ್ಟು ದೂರದ ಪುಟ್ಟ ಹಳ್ಳಿ ಅಮ್ಮನ ತವರು. ಮಾವ ಶುರು ಮಾಡಿದ:

"ನಮ್ಮ ಗುಡಿ ಜೀರ್ಣೋದ್ಧಾರ ಮಾಡ್ತಾವ್ರೆ ಕನ ಮಗ. ಬೆಂಗ್ಳೂರ್ಲಿರೋ ಅಯ್ಕಳೆಲ್ಲಾ ಐದೈದ್ ಸಾವ್ರ ಕೊಡ್ಬೇಕು ಅಂತ ತೀರ್ಮಾನ ಆಗದ. ಹಳೇದ್ನೆಲ್ಲಾ ಒಡ್ದು ಆರ್‌ಸಿಸಿ ಆಕ್ತಾರಂತ."

"ಕೊಡ್ತೀನಿ ಮಾವ. ಆದ್ರೆ ಬಾಗಿಲ ಪಕ್ಕ ಒಂದು ಕಲ್ಲಿತ್ತಲ್ಲ, ಕತ್ತಿ ಹಿಡ್ಕೊಂಡಿರೋ ಮನುಷ್ಯ... ಅದೇನಾಯ್ತು?"

"ಅದಾ? ಅದ ಎಲ್ಲಿಗ್ ತಳ್ಳವ್ರೋ ಗೊತ್ತಿಲ್ಲ ಕನ. ಕೇಳ್ಬೇಕು."

ಫೋನು ಇಟ್ಟು ತಲೆ ಎತ್ತಿದರೆ ನನ್ನೆದುರಿನ ಗೋಡೆಯಲ್ಲೂ ಕಲ್ಲುಗಳು. ಸತ್ತ ಸೈನಿಕರ ಹೆಸರು ಕೆತ್ತಿ ಗೋಡೆಗೆ ಕೂರಿಸಿದ ಕಲ್ಲುಗಳು. ಇವನ್ನು ಯಾರೂ ಎಲ್ಲಿಗೂ ತಳ್ಳಿಲ್ಲ. ಒರೆಸಿ ಇಟ್ಟಿದ್ದಾರೆ. ಮಳೆ ನಿಂತರೂ ನಾನು ಎದ್ದು ಹೋಗಲಿಲ್ಲ. ಆಮೇಲೆ ಒಂದು ತಿಂಗಳು ಸಂಜೆ ಹೊತ್ತು ಕೂತು ಈ ಚರ್ಚಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳೋಣ ಅಂತ ಈ ಬರಹ. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಟುಕೊಂಡು ಕೂತರೆ ವಾಸಿ :)

*

ಕಥೆ ಶುರುವಾಗುವುದು ಬೆಂಗಳೂರಿನಲ್ಲಿ ಅಲ್ಲ, ಶ್ರೀರಂಗಪಟ್ಟಣದಲ್ಲಿ. 1799ರ ಮೇ ತಿಂಗಳಲ್ಲಿ ಟಿಪ್ಪು ಸತ್ತ. ಕಂಪನಿಯವರು ಮೈಸೂರು ರಾಜ್ಯವನ್ನು ಹಂಚಿಕೊಂಡರು. ಕೊಯಮತ್ತೂರು ಸೀಮೆ ಕಂಪನಿಗೆ ಹೋಯಿತು, ಅದರ ಜೊತೆಗೆ ಕೊಳ್ಳೇಗಾಲವೂ ಹೋಯಿತು. ನಮ್ಮ ಕಡೆ, ಅಂದರೆ ಆಗಿನ ಅರಿಕುಠಾರ, ಮೈಸೂರಲ್ಲೇ ಉಳಿಯಿತು. ಕೊಳ್ಳೇಗಾಲ 1956ರವರೆಗೂ ಮದ್ರಾಸಿಗೆ ಸೇರಿತ್ತು ಅಂತ ನಮ್ಮಜ್ಜಿ ಹೇಳುವಾಗ ನಾವು ನಗುತ್ತಿದ್ದೆವು. ಆ ಗೆರೆ ಎಳೆದದ್ದು ಈ ಹಂಚಿಕೆಯಲ್ಲೇ.

ಉಳಿದ ಮೈಸೂರಿನ ಸಿಂಹಾಸನದ ಮೇಲೆ ಐದು ವರ್ಷದ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕೂರಿಸಿದರು. ಆಡಳಿತ ದಿವಾನ್ ಪೂರ್ಣಯ್ಯನವರದು. ರಾಜ್ಯದ ರಕ್ಷಣೆ ಕಂಪನಿಯ ಸೈನ್ಯದ್ದು, ಆ ಸೈನ್ಯದ ಖರ್ಚು ಮೈಸೂರಿನದು. ಎಷ್ಟು ಗೊತ್ತೇ? ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡಾ, ರೂಪಾಯಿ ಲೆಕ್ಕದಲ್ಲಿ ಇಪ್ಪತ್ತನಾಲ್ಕೂವರೆ ಲಕ್ಷ. ಇನ್ನೂರು ವರ್ಷದ ಹಿಂದಿನ ಇಪ್ಪತ್ತನಾಲ್ಕೂವರೆ ಲಕ್ಷ! ದುಡ್ಡು ಬರುತ್ತಿದ್ದದ್ದು ಭೂಮಿಯ ಕಂದಾಯದಿಂದ. ಚಂದಕವಾಡಿಯ ಹೊಲದಲ್ಲಿ ರಾಗಿ ಬೆಳೆದವನ ಪಾಲೂ ಅದರಲ್ಲಿ ಇದ್ದೇ ಇರಬೇಕು. ಈ ಲೆಕ್ಕ ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಂಪನಿಯ ಸೈನ್ಯ ಮೊದಲು ಶ್ರೀರಂಗಪಟ್ಟಣದಲ್ಲೇ ಬೀಡುಬಿಟ್ಟಿತ್ತು. ಕಾವೇರಿಯ ನಡುಗಡ್ಡೆ, ಸೊಳ್ಳೆ, ಜ್ವರ. ಯುದ್ಧದಲ್ಲಿ ಬದುಕಿದವರು ಜ್ವರದಲ್ಲಿ ಸಾಯತೊಡಗಿದರು. ಎತ್ತರದ, ತಂಪು ಹವೆಯ ಜಾಗ ಬೇಕಿತ್ತು. 1809ರಲ್ಲಿ ಸೈನ್ಯ ಬೆಂಗಳೂರಿಗೆ ಬಂತು. ಕೆಂಪೇಗೌಡರ ಪೇಟೆಯನ್ನು ಅದರ ಪಾಡಿಗೆ ಬಿಟ್ಟು, ಹಲಸೂರಿನ ಕಡೆಯ ಬಯಲಿನಲ್ಲಿ ಹೊಸ ಊರೇ ಎದ್ದಿತು. ಜಾನ್ ಬ್ಲಾಕಿಸ್ಟನ್ ಎಂಬ ಸೈನ್ಯದ ಎಂಜಿನಿಯರ್ ಅದರ ನಕ್ಷೆ ಹಾಕಿದ. ನಡುವೆ ಕವಾಯತು ಮೈದಾನ, ಸುತ್ತ ಬ್ಯಾರಕ್ಕು, ಬಂಗಲೆ, ಸಿಪಾಯಿಗಳ ಸಾಲು. ಜನ ಅದನ್ನು 'ದಂಡು' ಅಂದರು. ಈಗಲೂ ಕ್ಯಾಂಟೋನ್ಮೆಂಟ್ ಸ್ಟೇಷನ್ನಿಗೆ ದಂಡು ಸ್ಟೇಷನ್ ಅನ್ನುವವರಿದ್ದಾರಲ್ಲ, ಅದೇ ದಂಡು.

ಸೇಂಟ್ ಮಾರ್ಕ್ಸ್‌ಗೆ ಅಡಿಗಲ್ಲು ಬಿದ್ದದ್ದು 1808ರಲ್ಲಿ. ದಂಡು ಹುಟ್ಟಿದ ವರ್ಷ ಅಂತ ನಾವು ಓದುವ 1809ಕ್ಕಿಂತ ಒಂದು ವರ್ಷ ಮೊದಲು! ಬಡಾವಣೆ ಪೂರ್ತಿ ಆಗುವ ಮುಂಚೆಯೇ ಗಣಪತಿ ಗುಡಿ ಎದ್ದ ಹಾಗೆ. ಹಾಗಾಗಿ "ಎಂ.ಜಿ. ರಸ್ತೆಯಲ್ಲಿ ಒಂದು ಹಳೇ ಚರ್ಚ್ ಇದೆ" ಅನ್ನುವುದೇ ತಲೆಕೆಳಗು ಮಾತು. ಚರ್ಚಿನ ಎದುರಿಗೆ ಒಂದು ರಸ್ತೆ ಬೆಳೆಯಿತು, ಅದಕ್ಕೆ ಸೌತ್ ಪೆರೇಡ್ ಅಂದರು, 1948ರಲ್ಲಿ ಅದು ಮಹಾತ್ಮ ಗಾಂಧಿ ರಸ್ತೆಯಾಯಿತು. ಆ ರಸ್ತೆಯ ಒಂದು ತುದಿಯಲ್ಲಿ, ಕಬ್ಬನ್ ಪಾರ್ಕಿನ ಕಡೆ, ಸೇಂಟ್ ಮಾರ್ಕ್ಸ್. ಇನ್ನೊಂದು ತುದಿಯಲ್ಲಿ 1850ರ ದಶಕದ ಹೋಲಿ ಟ್ರಿನಿಟಿ, ಅದೂ ದಂಡಿನ ಚರ್ಚೇ. ಮೆಟ್ರೋದಲ್ಲಿ 'ಟ್ರಿನಿಟಿ' ಅಂತ ಕೂಗಿದಾಗ ಇಳಿಯುವ ನಮ್ಮ ಸಾಫ್ಟ್‌ವೇರ್ ಮಂದಿಯಲ್ಲಿ ಎಷ್ಟು ಜನರಿಗೆ ಅದು ಚರ್ಚಿನ ಹೆಸರು ಅಂತ ಗೊತ್ತೋ!

*

ಕಟ್ಟಡ ಮುಗಿದದ್ದು 1812ರಲ್ಲಿ. ಆದರೆ ಪ್ರತಿಷ್ಠೆ ಆಗಿದ್ದು 1816ರಲ್ಲಿ. ನಡುವಿನ ನಾಲ್ಕು ವರ್ಷ ಏನು ಮಾಡುತ್ತಿದ್ದರು? ಮೊದಲ ಸಲ ಓದಿದಾಗ ನನಗೂ ಇದು ಅರ್ಥವಾಗಿರಲಿಲ್ಲ.

ಇದಕ್ಕೆ ಆಂಗ್ಲಿಕನ್ ಅಂದರೇನು ಅಂತ ಒಂದೆರಡು ಮಾತು ಬೇಕು. ನಮ್ಮಲ್ಲಿ ಚರ್ಚ್ ಅಂದರೆ ಎಲ್ಲ ಒಂದೇ ಅಂದುಕೊಳ್ಳುತ್ತೇವೆ. ಮೈಸೂರಿನ ಸೇಂಟ್ ಫಿಲೋಮಿನಾ ರೋಮನ್ ಕ್ಯಾಥೊಲಿಕರದು, ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕವೂ ಅವರದೇ. ಅವರಿಗೆ ಹಿರಿಯರು ರೋಮಿನ ಪೋಪ್. ಹದಿನಾರನೇ ಶತಮಾನದಲ್ಲಿ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ಪೋಪ್ ಜೊತೆ ಜಗಳ ಮಾಡಿಕೊಂಡು ತನ್ನ ದೇಶದ ಚರ್ಚನ್ನೇ ಬೇರೆ ಮಾಡಿಕೊಂಡ. ಅದೇ ಚರ್ಚ್ ಆಫ್ ಇಂಗ್ಲೆಂಡ್. ಅದರ ದಾರಿ ಹಿಡಿದವರು ಆಂಗ್ಲಿಕನ್ನರು. ಪೋಪನನ್ನು ಬಿಟ್ಟರೂ ಬಿಷಪ್ಪರನ್ನು ಬಿಡಲಿಲ್ಲ. ಹೊಸ ಚರ್ಚನ್ನು ಬಿಷಪ್ ಬಂದು ಪ್ರತಿಷ್ಠೆ ಮಾಡಬೇಕು, ಆಗಲೇ ಅದು ವಿಧಿಪೂರ್ವಕ.

ತೊಂದರೆ ಏನೆಂದರೆ, 1812ರಲ್ಲಿ ಇಡೀ ಭಾರತದಲ್ಲಿ ಒಬ್ಬನೇ ಒಬ್ಬ ಆಂಗ್ಲಿಕನ್ ಬಿಷಪ್ ಇರಲಿಲ್ಲ. ಕಂಪನಿ ಸಂಬಳ ಕೊಡುವ ಚಾಪ್ಲಿನ್‌ಗಳು ಮಾತ್ರ ಇದ್ದರು. ವ್ಯಾಪಾರಕ್ಕೆ ಬಂದವರಿಗೆ ಧರ್ಮದ ತಂಟೆ ಬೇಡವಾಗಿತ್ತು. 1813ರಲ್ಲಿ ಕಂಪನಿಯ ಸನ್ನದು ಹೊಸದಾದಾಗ ಪಾರ್ಲಿಮೆಂಟು ಒಬ್ಬ ಬಿಷಪ್ಪರನ್ನು ಕಳಿಸಲು ಒಪ್ಪಿತು. 1814ರಲ್ಲಿ ಥಾಮಸ್ ಫ್ಯಾನ್‌ಷಾ ಮಿಡಲ್ಟನ್ ಕಲ್ಕತ್ತೆಯ ಮೊದಲ ಬಿಷಪ್ ಆಗಿ ಬಂದರು. ಅವರ ವ್ಯಾಪ್ತಿ? ಕಂಪನಿಯ ಕೈಯಲ್ಲಿದ್ದ ಇಡೀ ಭಾರತ! ಮದ್ರಾಸಿನ ಸೇಂಟ್ ಜಾರ್ಜ್ ಚರ್ಚಿನ ಪ್ರತಿಷ್ಠೆ ನಡೆದದ್ದೂ 1816ರಲ್ಲಿ, ಸೇಂಟ್ ಮಾರ್ಕ್ಸ್‌ನದೂ ಅದೇ ವರ್ಷ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಕೋಡಿಂಗ್ ಮುಗಿದು ಟೆಸ್ಟಿಂಗೂ ಮುಗಿದು ನಾಲ್ಕು ವರ್ಷ ಸೈನ್‌ಆಫ್‌ಗೆ ಕಾದ ಪ್ರಾಜೆಕ್ಟು. ನನಗೆ ಬಹಳ ಆತ್ಮೀಯ ಅನಿಸಿತು.

*

ಇನ್ನು ಕಟ್ಟಡ. ಸೇಂಟ್ ಮಾರ್ಕ್ಸ್‌ಗೆ ಮಾದರಿ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದನ್ನು ಓದಿಕೊಂಡು ಹೋದರೆ ನಿರಾಸೆಯಾದೀತು. ಸೇಂಟ್ ಪಾಲ್ಸ್ ಪರ್ವತ, ನಮ್ಮದು ಗುಡ್ಡವೂ ಅಲ್ಲ. ಹೋಲಿಕೆ ಗಾತ್ರದಲ್ಲಿಲ್ಲ, ವ್ಯಾಕರಣದಲ್ಲಿದೆ. ಸೇಂಟ್ ಮೇರಿ ಬೆಸಿಲಿಕದಲ್ಲಿ ಎಲ್ಲವೂ ಮೇಲಕ್ಕೆ ಚೂಪು. ಚೂಪು ಕಮಾನು, ಚೂಪು ಶಿಖರ. ಅದು ಗಾಥಿಕ್. ಸೇಂಟ್ ಮಾರ್ಕ್ಸ್‌ನಲ್ಲಿ ಚೂಪಿನ ಮಾತೇ ಇಲ್ಲ. ಅರ್ಧ ಚಂದ್ರದಂಥ ರೋಮನ್ ಕಮಾನುಗಳು, ಅಗಲವಾದ ಮುಂಬಾಗಿಲು, ಒಳಗೆ ಪೂಜಾ ಪೀಠದ ಹಿಂದೆ ಅರ್ಧ ವೃತ್ತವಾಗಿ ಬಾಗಿದ ಭಾಗ, ಅದರ ಮೇಲೊಂದು ಗುಮ್ಮಟ. ಹೊರಗಿನ ಬಿಳಿಚು ಗೋಡೆ ಮಳೆಯಲ್ಲಿ ನೆನೆದು ನಿಂತಾಗ ಬಿಗುಮಾನದ ಹಳೇ ಮೇಷ್ಟರ ಹಾಗೆ ಕಾಣುತ್ತದೆ.

ಪೀಠವಿರುವ ಆ ಭಾಗಕ್ಕೆ ಚಾನ್ಸೆಲ್ ಅನ್ನುತ್ತಾರೆ. ಜನ ಕೂರುವ ಉದ್ದನೆಯ ಅಂಕಣಕ್ಕೆ ನೇವ್. ನಮ್ಮ ಗುಡಿಗೆ ಹೋಲಿಸಿದರೆ ನೇವ್ ಅಂದರೆ ನವರಂಗ, ಚಾನ್ಸೆಲ್ ಅಂದರೆ ಗರ್ಭಗುಡಿಯ ಕಡೆ. ಆದರೆ ಒಂದು ವ್ಯತ್ಯಾಸ ಥಟ್ಟನೆ ಕಣ್ಣಿಗೆ ಬೀಳುತ್ತದೆ. ನವರಂಗದಲ್ಲಿ ಎತ್ತ ನೋಡಿದರೂ ಕಂಬ. ಇಲ್ಲಿ ನಡುವೆ ಅಷ್ಟು ದೊಡ್ಡ ಬಯಲು ಜಾಗ. ಯಾಕೆ?

ಇಂಜಿನಿಯರಿಂಗಿನ ಮೊದಲ ವರ್ಷ ಎಲ್ಲ ಬ್ರಾಂಚಿನವರಿಗೂ ಒಂದು ಸಿವಿಲ್ ಪೇಪರ್ ಇರುತ್ತಿತ್ತು. ಹೇಗೋ ಪಾಸಾಗಿ ಮರೆತಿದ್ದೆ. ಅದು ಈಗ ಉಪಯೋಗಕ್ಕೆ ಬಂತು! ಕಲ್ಲನ್ನು ಒತ್ತಿದರೆ ಎಷ್ಟು ಭಾರ ಬೇಕಾದರೂ ತಾಳುತ್ತದೆ, ಎಳೆದರೆ ಮಾತ್ರ ಬಿರಿಯುತ್ತದೆ. ಎರಡು ಕಂಬದ ಮೇಲೆ ಅಡ್ಡ ತೊಲೆ ಇಟ್ಟರೆ ತೊಲೆಯ ಕೆಳಮೈಯಲ್ಲಿ ಎಳೆತ ಬೀಳುತ್ತದೆ. ಅದಕ್ಕೇ ಕಲ್ಲಿನ ತೊಲೆ ಉದ್ದವಿರುವಂತಿಲ್ಲ, ಕಂಬಗಳು ಹತ್ತಿರ ಹತ್ತಿರ ಇರಬೇಕು. ನವರಂಗದ ಆ ಕಂಬಗಳ ಕಾಡು ಬಂದದ್ದು ಹೀಗೆ. ಕಮಾನಿನಲ್ಲಿ ಪ್ರತಿ ಕಲ್ಲೂ ಬೆಣೆಯ ಆಕಾರ, ಒಂದನ್ನೊಂದು ಒತ್ತಿ ಹಿಡಿದಿರುತ್ತವೆ. ಎಳೆತವೇ ಇಲ್ಲ, ಎಲ್ಲ ಒತ್ತಡ. ಜಾಗ ಅಗಲವಾಗುತ್ತದೆ. ಆದರೆ ಪುಕ್ಕಟೆ ಅಲ್ಲ, ಕಮಾನು ತನ್ನ ಕಾಲುಗಳನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಗುಮ್ಮಟವೂ ಅಷ್ಟೇ, ಅದು ಸುತ್ತಲೂ ತಿರುಗಿಸಿದ ಕಮಾನು ತಾನೇ. ಆ ತಳ್ಳಾಟ ತಡೆಯಲು ಗೋಡೆ ದಪ್ಪ ಇರಬೇಕು. ಸೇಂಟ್ ಪಾಲ್ಸ್‌ನಲ್ಲಿ ಕ್ರಿಸ್ಟೋಫರ್ ರೆನ್ ಗುಮ್ಮಟದ ಬುಡಕ್ಕೆ ಕಬ್ಬಿಣದ ಸರಪಳಿಯನ್ನೇ ಬಿಗಿದಿದ್ದ, ಪೀಪಾಯಿಗೆ ಪಟ್ಟಿ ಬಿಗಿದ ಹಾಗೆ.

ಬಣ್ಣದ ಗಾಜಿನ ಕಿಟಕಿಗಳನ್ನು ನೋಡಲು ಬೆಳಗಿನ ಹೊತ್ತು ಅಥವಾ ಇಳಿಬಿಸಿಲಿನಲ್ಲಿ ಹೋಗಿ. ಹೊರಗಿನಿಂದ ಮಸಿ ಬಳಿದ ಹಾಗೆ ಕಾಣುವ ಗಾಜು ಒಳಗಿನಿಂದ ನೋಡಿದರೆ ದೀಪ ಹಚ್ಚಿದ ಹಾಗಿರುತ್ತದೆ. ಮರದ ಕೆತ್ತನೆ ಕೆಲಸವೂ ಇದೆ, ದೊಡ್ಡ ಪೈಪ್ ಆರ್ಗನ್ ಕೂಡ ಇದೆ. ಅದನ್ನು ನುಡಿಸುವುದನ್ನು ನಾನಿನ್ನೂ ಕೇಳಿಲ್ಲ. ಭಾನುವಾರ ಬೆಳಿಗ್ಗೆ ಏಳುವ ಅಭ್ಯಾಸ ಇರುವವರು ಕೇಳಿ ಬನ್ನಿ.

*

ಇಷ್ಟೆಲ್ಲ ಹೇಳಿದ ಮೇಲೆ ಒಂದು ಗುಟ್ಟು. ನೀವು ಈಗ ನೋಡುವುದು 1812ರ ಕಟ್ಟಡ ಅಲ್ಲ!

ಮೊದಲಿನದು ಸಣ್ಣದು. ದಂಡು ಬೆಳೆದಂತೆ ಜಾಗ ಸಾಲದೆ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅದನ್ನು ಹಿಗ್ಗಿಸಿದರು. ಆಮೇಲೆ 1923ರಲ್ಲಿ ದೊಡ್ಡ ಬೆಂಕಿ ಬಿತ್ತು. ಕಟ್ಟಡದ ಬಹುಭಾಗ ಸುಟ್ಟುಹೋಯಿತು. ಮತ್ತೆ ಕಟ್ಟಿ 1927ರಲ್ಲಿ ಎರಡನೇ ಸಲ ಪ್ರತಿಷ್ಠೆ ಮಾಡಿದರು. ಆ ಹೊತ್ತಿಗೆ ಊರಿನಲ್ಲಿ ಗಾಥಿಕ್ ಚರ್ಚುಗಳು ಎದ್ದು ದಶಕಗಳೇ ಆಗಿದ್ದವು. ಸ್ಕಾಟ್ಲೆಂಡಿನವರ ಸೇಂಟ್ ಆಂಡ್ರೂಸ್ ಇತ್ತು, ಸೇಂಟ್ ಮೇರಿ ಇತ್ತು. ಮನಸ್ಸು ಮಾಡಿದ್ದರೆ ಸುಟ್ಟ ಜಾಗದಲ್ಲಿ ಹೊಸ ಫ್ಯಾಷನ್ನಿನದು ಕಟ್ಟಬಹುದಿತ್ತು. ಕಟ್ಟಲಿಲ್ಲ. ಅದೇ ಜಾಗ, ಅದೇ ಹೆಸರು, ಅದೇ ದುಂಡು ಕಮಾನಿನ ದಾರಿ. ಇನ್ನೊಂದು ತಮಾಷೆ ನೋಡಿ. ಮಾದರಿಯಾದ ಸೇಂಟ್ ಪಾಲ್ಸ್ ಕೂಡ ಬೆಂಕಿಯ ನಂತರದ ಕಟ್ಟಡವೇ. 1666ರ ಲಂಡನ್ ಬೆಂಕಿಯಲ್ಲಿ ಹಳೆಯದು ಹಾಳಾಯಿತು, ರೆನ್ ಶುರು ಮಾಡಿದ್ದು 1675ರಲ್ಲಿ, ಮುಗಿದದ್ದು 1710ರ ಸುಮಾರಿಗೆ.

ಹಾಗಾದರೆ ಸೇಂಟ್ ಮಾರ್ಕ್ಸ್‌ಗೆ ಇನ್ನೂರು ವರ್ಷ ದಾಟಿದೆ ಅನ್ನುವುದು ಸುಳ್ಳೇ?

ಈ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಚಾಮರಾಜನಗರದಲ್ಲಿ. ಅಲ್ಲಿನ ಚಾಮರಾಜೇಶ್ವರ ದೇವಸ್ಥಾನವೂ ಹೆಚ್ಚುಕಡಿಮೆ ಸೇಂಟ್ ಮಾರ್ಕ್ಸ್‌ನ ಕಾಲದ್ದೇ. ಮುಮ್ಮಡಿಯವರ ತಂದೆ ಖಾಸಾ ಚಾಮರಾಜ ಒಡೆಯರು ಹುಟ್ಟಿದ್ದು ಅರಿಕುಠಾರದಲ್ಲಿ. ಅವರ ನೆನಪಿಗೆ 1818ರಲ್ಲಿ ಊರಿಗೆ ಚಾಮರಾಜನಗರ ಅಂತ ಹೆಸರಿಟ್ಟು, 1826ರಲ್ಲಿ ಆ ದೇವಸ್ಥಾನ ಕಟ್ಟಿಸಿದರು. ಕಂಪನಿಯವರು ದಂಡಿನಲ್ಲಿ ತಮ್ಮ ದೇವರಿಗೆ ಮನೆ ಕಟ್ಟಿದ ಹತ್ತು ಹದಿನಾಲ್ಕು ವರ್ಷಕ್ಕೆ, ಅದೇ ಕಂಪನಿಯವರು ಕೂರಿಸಿದ ರಾಜ ತನ್ನ ಅಪ್ಪನ ಊರಿನಲ್ಲಿ ದೇವಸ್ಥಾನ ಕಟ್ಟಿಸಿದ. ಅಲ್ಲಿನ ಆಷಾಢದ ತೇರು ನಮ್ಮ ಕಡೆ ಹೆಸರುವಾಸಿ. ಆಷಾಢದಲ್ಲಿ ಬೇರೆಯಾಗಿದ್ದ ಹೊಸ ಗಂಡ ಹೆಂಡತಿ ಅವತ್ತು ಸೇರಿ ಬಂದು ಹಣ್ಣು ಜವನ ಎಸೆಯುತ್ತಾರೆ. 2017ರ ಫೆಬ್ರವರಿಯಲ್ಲಿ ಕಿಡಿಗೇಡಿಯೊಬ್ಬ ಆ ತೇರಿಗೆ ಬೆಂಕಿ ಹಚ್ಚಿದ. ವರ್ಷಗಳ ಕಾಲ ತೇರೇ ಇಲ್ಲ. 2022ರಲ್ಲಿ ಹೊಸ ತೇರು ಬಂತು. ಅವತ್ತು ನಮ್ಮಮ್ಮ ಫೋನಿನಲ್ಲಿ, "ತೇರು ವಾಪಸ್ ಬಂತು" ಅಂದಳು. ಹೊಸ ತೇರು ಬಂತು ಅನ್ನಲಿಲ್ಲ.

ಮರ ಬೇರೆ, ಬಡಗಿ ಬೇರೆ, ತೇರು ಅದೇ. 1927ರಲ್ಲಿ ಸೇಂಟ್ ಮಾರ್ಕ್ಸ್‌ಗೆ ವಾಪಸ್ ಬಂದವರಿಗೂ ಹಾಗೇ ಅನಿಸಿರಬೇಕು. ಜೀರ್ಣೋದ್ಧಾರ ಅನ್ನುವ ಮಾತು ನಮ್ಮಲ್ಲಿ ಇರುವುದೇ ಇದಕ್ಕೆ. ಜೀರ್ಣವಾದದ್ದನ್ನು ಉದ್ಧಾರ ಮಾಡುವುದು. ಎತ್ತಿ ಬಿಸಾಡುವುದಕ್ಕೆ ಆ ಹೆಸರಿಲ್ಲ.

*

ಮತ್ತೊಂದು ಗುಟ್ಟೂ ಇದೆ. ಇಂಗ್ಲಿಷರ ಕಾಲದಲ್ಲಿ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ಆಗಿರಲೇ ಇಲ್ಲ.

ಕೆಥೆಡ್ರಲ್ ಅಂದರೆ ದೊಡ್ಡ ಚರ್ಚ್ ಅಂತ ನಾನೂ ತಿಳಿದಿದ್ದೆ. ಗಾತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಬಿಷಪ್ಪರ ಅಧಿಕಾರದ ಕುರ್ಚಿಗೆ ಲ್ಯಾಟಿನ್ನಿನಲ್ಲಿ 'ಕೆಥೆಡ್ರ' ಅನ್ನುತ್ತಾರೆ. ಆ ಪೀಠ ಎಲ್ಲಿದೆಯೋ ಅದು ಕೆಥೆಡ್ರಲ್. ನಮ್ಮ ಮಠಗಳ ಮೂಲಪೀಠ ಇದ್ದ ಹಾಗೆ. ಬೆಂಗಳೂರು 1835ರಿಂದ ಮದ್ರಾಸ್ ಬಿಷಪ್ಪರ ಕೆಳಗಿತ್ತು, ಅವರ ಕುರ್ಚಿ ಮದ್ರಾಸಿನ ಸೇಂಟ್ ಜಾರ್ಜ್‌ನಲ್ಲಿ. ಸೇಂಟ್ ಮಾರ್ಕ್ಸ್ ಬರೀ ದಂಡಿನ ಚರ್ಚು.

1947ರ ಸೆಪ್ಟೆಂಬರ್ 27ರಂದು, ಅಂದರೆ ಸ್ವಾತಂತ್ರ್ಯ ಬಂದ ಆರು ವಾರಕ್ಕೆ, ಅದೇ ಸೇಂಟ್ ಜಾರ್ಜ್‌ನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ಹುಟ್ಟಿತು. ಸಿಎಸ್‌ಐ ಅಂತೀವಲ್ಲ, ಅದು. ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲಿಸ್ಟರು ತಮ್ಮ ಹಳೇ ಬೇಲಿಗಳನ್ನು ಕಿತ್ತು ಒಂದಾದರು. ಮೈಸೂರು ಸೀಮೆಗೆ ತನ್ನದೇ ಬಿಷಪ್ ಬಂದರು. ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ಆದದ್ದು ಈ ಹೊಸ ವ್ಯವಸ್ಥೆಯಲ್ಲಿ. ಈಗ ಅದು ಸಿಎಸ್‌ಐ ಕರ್ನಾಟಕ ಮಧ್ಯ ಡಯಾಸಿಸ್‌ನ ಕೆಥೆಡ್ರಲ್. ಹಾಗಾಗಿ ಯಾವುದನ್ನು ನಾವು 'ಬ್ರಿಟಿಷರ ಕೆಥೆಡ್ರಲ್' ಅಂತೀವೋ ಅದರ 'ಕೆಥೆಡ್ರಲ್' ಅನ್ನುವ ಅರ್ಧ ಸ್ವತಂತ್ರ ಭಾರತದ್ದು.

ಸಿಎಸ್‌ಐ ಅಂದರೆ ನಮ್ಮ ಜಿಲ್ಲೆಯವರಿಗೂ ಹೊಸದೇನಲ್ಲ. ಮೈಸೂರಿನ ಮಂಡಿ ಮೊಹಲ್ಲದ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಅವರದೇ. ಅದನ್ನು 1906ರ ಸುಮಾರಿಗೆ ಶುರು ಮಾಡಿದ್ದು ವೆಸ್ಲಿಯನ್ ಮೆಥಡಿಸ್ಟ್ ಮಿಷನ್. ಹೆರಿಗೆ ಕಷ್ಟವಾದರೆ "ಮಿಷನ್ ಆಸ್ಪತ್ರೆಗೆ ಕರ್ಕೊಂಡ್ ಹೋಗಿ" ಅನ್ನುವುದು ನಮ್ಮಜ್ಜಿಯ ಕಾಲದಿಂದ ಕೇಳಿದ ಮಾತು. ಬೆಂಗಳೂರಿನ ಕಾರ್ಪೊರೇಷನ್ ಹತ್ತಿರದ ಕಲ್ಲಿನ ಹಡ್ಸನ್ ಚರ್ಚ್ ನೋಡಿರುತ್ತೀರಿ. ಅದೂ ವೆಸ್ಲಿಯನ್ನರದು, 1904ರದು, ಕನ್ನಡದಲ್ಲಿ ಪ್ರಾರ್ಥನೆ ನಡೆಯುವ ಚರ್ಚು. ಸೇಂಟ್ ಮಾರ್ಕ್ಸ್ ಇಂಗ್ಲಿಷಿನದು. ಎರಡರ ನಡುವೆ ಕಬ್ಬನ್ ಪಾರ್ಕ್ ಅಷ್ಟೇ ಅಡ್ಡ, ಆದರೆ ಒಂದು ಕಾಲದಲ್ಲಿ ಎರಡೂ ಬೇರೆ ಬೇರೆ ಆಡಳಿತದಲ್ಲಿದ್ದವು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಟ್ಟಾಗಲೂ ದಂಡನ್ನು ಮಾತ್ರ ಇಂಗ್ಲಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದರು. ಅದು ಮೈಸೂರಿಗೆ ಮರಳಿದ್ದು 1947ರ ಜುಲೈನಲ್ಲಿ. ದಂಡಿನಲ್ಲಿ ಕನ್ನಡ ಯಾಕೆ ಕಡಿಮೆ ಅಂತ ಜಗಳ ಆಡುವಾಗ ಈ ಇಸವಿ ನೆನಪಿರಲಿ.

*

ಈಗ ಆ ಗೋಡೆಗೆ ಬರೋಣ.

ಗೋಡೆಯ ಮೇಲಿನ ಫಲಕಗಳನ್ನು ಒಂದೊಂದಾಗಿ ಓದುತ್ತಾ ಹೋದರೆ ಮೊದಮೊದಲು ಎಲ್ಲ ಒಂದೇ ಥರ ಅನಿಸುತ್ತದೆ. ಹೆಸರು, ದರ್ಜೆ, ರೆಜಿಮೆಂಟು, ಸತ್ತ ದಿನ, ಯಾರು ಹಾಕಿಸಿದರು. ನಡುನಡುವೆ ವಯಸ್ಸು ಕಣ್ಣಿಗೆ ಬೀಳುತ್ತದೆ. ನನಗಿಂತ ಚಿಕ್ಕವರು. ಕೆಲವರು ನನಗಿಂತ ಐದಾರು ವರ್ಷಕ್ಕೆ ಚಿಕ್ಕವರು. ಅಷ್ಟು ದೂರ ಹಡಗಿನಲ್ಲಿ ಬಂದು, ನಮ್ಮ ಹಿರಿಯರ ಕಂದಾಯದ ದುಡ್ಡಿನಲ್ಲಿ ಸಂಬಳ ತಗೊಂಡು, ನಮ್ಮ ಜನರ ಮೇಲೇ ಬಂದೂಕು ಹಿಡಿದು, ಇಲ್ಲೇ ಸತ್ತ ಹುಡುಗರು. ಕೋಪ ಬರಬೇಕು ಅಂತ ಅನಿಸುತ್ತದೆ, ಬರುತ್ತದೆ ಕೂಡ. ಆದರೆ ಅಮ್ಮನೋ ಜೊತೆಗಾರರೋ ದುಡ್ಡು ಸೇರಿಸಿ ಹಾಕಿಸಿದ ಕಲ್ಲಿನ ಮುಂದೆ ನಿಂತು ಪೂರ್ತಿ ಕೋಪ ಮಾಡಿಕೊಳ್ಳುವುದು ಕಷ್ಟ.

ಆಗಲೇ ನನಗೆ ಹೊಳೆದದ್ದು. ಇದು ವೀರಗಲ್ಲು!

ನಮ್ಮ ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಂಕಣ. ಕೆಳಗೆ ಕಾದಾಟ. ನಡುವೆ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುತ್ತಾನೆ, ತಲೆಯ ಮೇಲೆ ಸೂರ್ಯ ಚಂದ್ರ. ಬರಹ ಇದ್ದರೆ ಅದರಲ್ಲೂ ಇದೇ ವಿವರ. ಯಾರ ಮಗ, ಯಾವ ಕಾಳಗ, ಯಾವ ದನ ಬಿಡಿಸಲು ಹೋಗಿ ಸತ್ತ, ಯಾರು ಕಲ್ಲು ನಿಲ್ಲಿಸಿದರು. ಚರ್ಚಿನ ಫಲಕವೂ ಅದನ್ನೇ ಹೇಳುತ್ತದೆ, ದೇವರೂ ಲಿಪಿಯೂ ಬೇರೆ.

ನಮ್ಮ ಕಲ್ಲುಗಳನ್ನು ಊರೂರು ಸುತ್ತಿ ಓದಿಸಿ ಅಚ್ಚು ಹಾಕಿಸಿದವರು ಬಿ.ಎಲ್. ರೈಸ್. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ, ಲಂಡನ್ ಮಿಷನ್ ಪಾದ್ರಿಯ ಮಗ. ಅವರ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೇ ಸಂಪುಟದಲ್ಲಿ, 1898ರದು, ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕಿನ ಶಾಸನಗಳಿವೆ. ನಾವು ಬಟ್ಟೆ ಒಗೆಯುವ ಕಲ್ಲು, ದನ ಕಟ್ಟುವ ಕಲ್ಲು ಅಂದುಕೊಂಡದ್ದನ್ನು ಪಾದ್ರಿಯ ಮಗ ಬಂದು ಓದಿಸಬೇಕಾಯಿತು. ಅದೇ ರೈಸ್ ಅಪ್ಪನ ಮಿಷನ್ನಿನ ಚರ್ಚುಗಳೂ 1947ರಲ್ಲಿ ಸೇರಿದ್ದು ಸಿಎಸ್‌ಐಗೇ.

ಕಲ್ಲಿನ ವಿಷಯಕ್ಕೆ ಇನ್ನೊಂದು ಮಾತು. ಚಾಮರಾಜನಗರ ತಾಲ್ಲೂಕಿನ ಕರಿಕಲ್ಲು ಪ್ರಪಂಚಕ್ಕೇ ಹೆಸರುವಾಸಿ. ಪಾಲಿಶ್ ಮಾಡಿದರೆ ಮುಖ ಕಾಣುವಷ್ಟು ಹೊಳಪು. ಜಪಾನಿಗೆ, ಯುರೋಪಿಗೆ ಹೋಗುತ್ತದೆ. ಅಲ್ಲಿ ಹೆಚ್ಚಾಗಿ ಏನಕ್ಕೆ ಬಳಸುತ್ತಾರೆ ಗೊತ್ತೇ? ಸಮಾಧಿ ಕಲ್ಲಿಗೆ. ಒಂದು ಕಾಲದಲ್ಲಿ ಅವರ ಹುಡುಗರು ಇಲ್ಲಿ ಬಂದು ಸತ್ತು ಗೋಡೆಯ ಕಲ್ಲಾದರು. ಈಗ ನಮ್ಮ ನೆಲದ ಕಲ್ಲು ಅಲ್ಲಿಗೆ ಹೋಗಿ ಅವರ ಹೆಸರು ಹೊತ್ತು ನಿಲ್ಲುತ್ತದೆ. ಕ್ವಾರಿಯಲ್ಲಿ ಅದನ್ನು ಸೀಳಿದವನ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ.

ಸೇಂಟ್ ಮಾರ್ಕ್ಸ್‌ನಲ್ಲೂ ನಾನು ಆ ಹೆಸರುಗಳನ್ನು ಹುಡುಕಿದೆ. ಕಮಾನಿಗೆ ಬೆಣೆಕಲ್ಲು ಕೂರಿಸಿದವರು, ಗಾರೆ ಅರೆದವರು, ಬೆಂಕಿಯ ನಂತರ ಬೂದಿ ಗುಡಿಸಿದವರು. ಓದಿದ ಯಾವ ಫಲಕದಲ್ಲೂ ಸಿಗಲಿಲ್ಲ. ಹೊಯ್ಸಳರ ಶಿಲ್ಪಿಗಳು ಎಷ್ಟು ಜಾಣರು ನೋಡಿ, ವಿಗ್ರಹದ ಕೆಳಗೇ 'ಮಲ್ಲಿತಮ್ಮ', 'ದಾಸೋಜ' ಅಂತ ಹೆಸರು ಕೊರೆದಿಟ್ಟರು. ಎಂಟುನೂರು ವರ್ಷ ಹಳೆಯ ಕೋಡ್ ಕಾಮೆಂಟು!

*

ಆ ರಾತ್ರಿ ಮಾವನಿಗೆ ಮತ್ತೆ ಫೋನು ಮಾಡಿದೆ. ಚರ್ಚಿನ ಕಥೆ ಪೂರ್ತಿ ಹೇಳಿದೆ. ಮಾವ ತಾಳ್ಮೆಯಿಂದ ಕೇಳಿ, "ಇಂಗ್ರೇಜರು ಗುಡಿಗ್ ಬೆಂಕಿ ಬಿದ್ರೂ ಅಂಗೇ ಕಟ್ಟವ್ರಾ?" ಅಂದ. ಹೂಂ ಅಂದೆ. "ನಮ್ದ್ಕ ಬೆಂಕಿನೂ ಬಿದ್ದಿಲ್ವಲ್ಲ ಮಗ, ನಾವೇ ಒಡಿತಿದ್ದೀವಿ" 

ಅಂತ ಸುಮ್ಮನಾದ. ನಾನು ಹೇಳಬೇಕು ಅಂತಿದ್ದುದನ್ನು ಮಾವನೇ ಹೇಳಿದ್ದ.

ಗುಡಿಯನ್ನು ಉಳಿಸಲು ಆಗಲಿಲ್ಲ. ಸೂರು ಸೋರುತ್ತಿತ್ತು, ಗೋಡೆ ಬಿರುಕು ಬಿಟ್ಟಿತ್ತು, ಊರಿನವರಿಗೆ ಗಟ್ಟಿ ಗುಡಿ ಬೇಕಿತ್ತು. ಬೆಂಗಳೂರಿನಲ್ಲಿ ಎ.ಸಿ. ಕೆಳಗೆ ಕೂತು "ಹಳೇದೇ ಇರಲಿ" ಅನ್ನುವುದು ಸುಲಭ. ಆದರೆ ಮಾವ ಮರುದಿನವೇ ಹೋಗಿ ಕಲ್ಲನ್ನು ಹುಡುಕಿದ. ಹೊಸ ಮೆಟ್ಟಿಲಿನ ಬುಡಕ್ಕೆ ಹಾಕಲು ಬೋರಲು ಮಲಗಿಸಿದ್ದರಂತೆ. ಇನ್ನೆರಡು ದಿನ ತಡವಾಗಿದ್ದರೆ ಸಿಮೆಂಟು ಬೀಳುತ್ತಿತ್ತು. ನಾಲ್ಕು ಜನರನ್ನು ಕರೆದು ಎತ್ತಿಸಿ ಅರಳಿಮರದ ಕಟ್ಟೆಗೆ ಒರಗಿಸಿದ. ಐದು ಸಾವಿರದ ಜೊತೆ ಇನ್ನೊಂದು ಐದು ಸೇರಿಸಿ ಕಳಿಸಿ, ಅದನ್ನು ನೆಟ್ಟು ನಿಲ್ಲಿಸಲು ಹೇಳಿದೆ.

ಹೋದ ವಾರ ಊರಿಗೆ ಹೋಗಿದ್ದೆ. ಗುಡಿ ಎದ್ದಿದೆ, ಟೈಲ್ಸು, ಸ್ಟೀಲ್ ಗ್ರಿಲ್ಲು, ಎಲ್ಲ ಇದೆ. ಕಲ್ಲು ಗುಡಿಯ ಪಕ್ಕ ನೆಟ್ಟಗೆ ನಿಂತಿದೆ. ಯಾರೋ ಉತ್ಸಾಹಿಗಳು ಇಡೀ ಕಲ್ಲಿಗೆ ಬೆಳ್ಳಿ ಬಣ್ಣದ ಪೇಂಟು ಬಳಿದು, ವೀರನ ಮೀಸೆಗೆ ಕಪ್ಪು ಬಣ್ಣ ತೀಡಿದ್ದಾರೆ! ಮೊದಲು ಎದೆ ಧಸಕ್ಕಂತು. ಹತ್ತಿರ ಹೋದರೆ ಹಣೆಗೆ ಕುಂಕುಮ, ಮುಂದೆ ಒಡೆದ ತೆಂಗಿನಕಾಯಿ. ಪೇಂಟನ್ನು ಎಂದಾದರೂ ಹುಷಾರಾಗಿ ತೆಗೆಸಬಹುದು. ಸಿಮೆಂಟಿನಡಿ ಹೋಗಿದ್ದರೆ ತೆಗೆಯುವುದು ಯಾರು?

ಬಾಗಿಲ ಪಕ್ಕ ದಾನಿಗಳ ಪಟ್ಟಿ ಹಾಕಲು ಕರಿಕಲ್ಲಿನ ಹಲಗೆ ಬಂದಿತ್ತು, ನಮ್ಮ ತಾಲ್ಲೂಕಿನದೇ ಕಲ್ಲು. ನನ್ನ ಹೆಸರಿನ ಮುಂದೆ ಏನು ಬರೆಸಬೇಕು, ಸಾಫ್ಟ್‌ವೇರ್ ಇಂಜಿನಿಯರ್ ಅಂತ ಹಾಕಿಸೋಣವಾ ಅಂತ ಕೇಳಿದರು. ನನ್ನ ಹೆಸರಿನ ಜಾಗದಲ್ಲಿ ಗಾರೆ ಮೇಸ್ತ್ರಿ ಮತ್ತು ಕಲ್ಲು ಕೆಲಸದವರ ಹೆಸರು ಹಾಕಿ ಅಂದೆ. ಕೇಳಿದವರು ಮಾವನ ಮುಖ ನೋಡಿದರು. ಮಾವ, "ಬರ್ಕೋ, ಬರ್ಕೋ" ಅಂದ. ಮೇಸ್ತ್ರಿ ನಾಚಿಕೊಂಡು ಅತ್ತ ತಿರುಗಿದ. ಮೂರು ಹೆಸರು ಬರೆದುಕೊಂಡರು. ಕೆತ್ತುತ್ತಾರೋ ಇಲ್ಲವೋ ಮುಂದಿನ ಹಬ್ಬಕ್ಕೆ ಹೋದಾಗ ನೋಡಬೇಕು.

ನಿಮ್ಮೂರ ಗುಡಿಯ ಜೀರ್ಣೋದ್ಧಾರಕ್ಕೂ ಚಂದಾ ಕೇಳಿ ಫೋನು ಬಂದೀತು. ದುಡ್ಡು ಕಳಿಸಿ, ಬೇಡ ಅನ್ನುವುದಿಲ್ಲ. ಕಳಿಸುವ ಮುಂಚೆ ಆ ಹಳೇ ಕಲ್ಲು ಎಲ್ಲಿದೆ ಅಂತ ಒಂದು ಮಾತು ಕೇಳಿ. ಎಂ.ಜಿ. ರಸ್ತೆಯಲ್ಲಿ ಮಳೆ ಬಂದರೆ ಸೇಂಟ್ ಮಾರ್ಕ್ಸ್ ಒಳಗೊಂದು ಸಲ ಹೋಗಿ, ಗೋಡೆ ಓದಿ ಬನ್ನಿ.